ನಾಲ್ಕು ನೀಲಿಗಳ ಕುರಿತು ನಾಲ್ಕನೆಯ ಪತ್ರ

ಜಲವರ್ಣ ತಯಾರಿಸುವ ಕಂಪನಿಯ ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರಲ್ಲಿ ಮಾನ್ಯರಾದ ಮಹನೀಯರೇ,

ತಮಗೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಗೂ, ನನ್ನ ಹಿಂದಿನ ಮೂರು ಪತ್ರಗಳನ್ನು ಒಡೆದು ಕೊನೆಯ ಸಾಲಿನವರೆಗೂ ಓದಿದ ಆ ಪುಣ್ಯಾತ್ಮರು ಯಾರೋ ಅವರಿಗೂ ನನ್ನ ಅನಂತ ವಂದನೆಗಳು. ಈ ನಾಲ್ಕನೆಯ ಪತ್ರದ ಒಂದು ಪ್ರತಿಯನ್ನು ನಮ್ಮ ಬಡಾವಣೆಯ ಚಿತ್ರಕಲಾ ತರಗತಿಯ ಸೂಚನಾಫಲಕಕ್ಕೆ ಅಂಟಿಸುತ್ತಿದ್ದೇನೆ. ಹಿಂದಿನ ಮೂರನ್ನೂ ಅಲ್ಲೇ ಅಂಟಿಸಿ, ತಮ್ಮನ್ನು ‘ಒಂದೇ ಬಣ್ಣವನ್ನು ನಾಲ್ಕು ಹೆಸರಿನಲ್ಲಿ ಮಾರುವ ಮಹಾನುಭಾವರು’ ಎಂದು ಹೋಗಿಬರುವವರಿಗೆಲ್ಲ ಪರಿಚಯಿಸಿದ್ದೆನಾದ್ದರಿಂದ, ಇದೊಂದನ್ನು ಮಾತ್ರ ಗುಟ್ಟಾಗಿ ಅಂಚೆಪೆಟ್ಟಿಗೆಗೆ ಹಾಕಿ ಕೈತೊಳೆದುಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ.

ತಾವು ಮರೆತಿರಬಹುದು, ಆದ್ದರಿಂದ ಮತ್ತೊಮ್ಮೆ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಮೂವತ್ತೊಂದು ವರ್ಷ ಕೃತಕ ಹಲ್ಲು ತಯಾರಿಸಿ ನಿವೃತ್ತಳಾದವಳು. ದಂತವೈದ್ಯರ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕ ಕೂತು, ಒಬ್ಬೊಬ್ಬರ ಬಾಯಿಗೂ ಹೊಂದುವ ಬಿಳುಪನ್ನು ಹುಡುಕುವುದೇ ನನ್ನ ಕೆಲಸವಾಗಿತ್ತು. ಹಲ್ಲು ಬೆಳ್ಳಗಿರುತ್ತದೆ ಎಂದು ಜನ ನಂಬಿದ್ದಾರೆ. ಜನ ಏನೇನೋ ನಂಬುತ್ತಾರೆ. ಹಲ್ಲಿನ ಬಿಳುಪಿನಲ್ಲಿ ಹದಿನಾರು ಬಗೆಗಳಿವೆ, ಆ ಹದಿನಾರರ ಸಂದಿಯಲ್ಲಿ ಹೆಸರಿಲ್ಲದವು ಇನ್ನೆಷ್ಟೋ ಇವೆ. ಹೊಸಬರು ಕೀಲಿಗೊಂಚಲಿನಂತೆ ಪೋಣಿಸಿದ ಮಾದರಿ ಹಲ್ಲುಗಳನ್ನು ಒಂದೊಂದಾಗಿ ಬಾಯಿಯ ಹತ್ತಿರ ಹಿಡಿದು ಹೋಲಿಸುತ್ತಾರೆ. ನಾನು ಕೊನೆಯ ಕೆಲವು ತಿಂಗಳು ಆ ಗೊಂಚಲನ್ನು ಡ್ರಾಯರಿನೊಳಗೆ ಹಾಕಿ ಕಣ್ಣಳತೆಯಲ್ಲೇ ಕೆಲಸ ಮುಗಿಸುತ್ತಿದ್ದೆ. ಇದನ್ನು ನನ್ನ ಮೊದಲ ಪತ್ರದಲ್ಲಿ ಎರಡು ಬಾರಿ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೆ.

ನಿವೃತ್ತಿಯ ಮೇಲೂ ಎದುರು ಬಂದವರ ಬಾಯನ್ನೇ ನೋಡುತ್ತ ನಿಲ್ಲುವ ಚಟ ಬಿಡದಿದ್ದಾಗ, ನಮ್ಮ ಯಜಮಾನರೇ ನನ್ನನ್ನು ಚಿತ್ರಕಲಾ ತರಗತಿಗೆ ಸೇರಿಸಿದರು. ಅಲ್ಲಿನ ಗುರುಗಳಿಗೆ ‘ನೀರು ಮೇಷ್ಟ್ರು’ ಎಂಬ ಅಡ್ಡಹೆಸರು. ಯಾರು ಯಾವ ಚಿತ್ರ ತೋರಿಸಿದರೂ ಅವರು ತಲೆ ಓರೆ ಮಾಡಿ “ನೀರು ಸಾಲದು” ಎನ್ನುತ್ತಾರೆ. ಮೊದಲ ದಿನ ನಮ್ಮೆಲ್ಲರ ಕೈಗೆ ಹನ್ನೆರಡು ಗುಳಿಗಳಿದ್ದ ಒಂದೊಂದು ಖಾಲಿ ತಗಡಿನ ಪ್ಯಾಲೆಟ್ ಕೊಟ್ಟು, “ಅಂಗಡೀಲಿ ನೂರಾ ಇಪ್ಪತ್ತು ಬಣ್ಣ ಇದೆ. ನೀವು ಹನ್ನೆರಡೇ ಇಟ್ಕೊಳ್ಳಿ. ಯಾವ್ಯಾವುದು ಅಂತ ನಾನು ಹೇಳಲ್ಲ. ಆರಿಸೋದ್ರಲ್ಲೇ ಅರ್ಧ ಕಲಿತುಬಿಡ್ತೀರಿ” ಎಂದರು.

ಹನ್ನೊಂದನ್ನು ನಾನು ಒಂದೇ ಮಧ್ಯಾಹ್ನ ಊಟದ ಮೇಜಿನ ಮೇಲೆ ಆರಿಸಿದೆ. ಮೂರು ಹಳದಿ, ಹಲ್ಲಿನವಳಾದ್ದರಿಂದ ಮೂರು ಕಂದು, ಎರಡು ಕೆಂಪು, ಒಂದು ಹಸಿರು, ಒಂದು ನೇರಳೆ, ಒಂದು ಕಪ್ಪು. ಉಳಿದ ಒಂದೇ ಗುಳಿ ನೀಲಿಗೆ. ತಮ್ಮ ನಾಲ್ಕು ಟ್ಯೂಬುಗಳನ್ನು ತಂದೆ: ಆಕಾಶ ನೀಲಿ, ಸಾಗರ ನೀಲಿ, ನವಿಲು ನೀಲಿ ಮತ್ತು ವಿರಹ ನೀಲಿ. (ನಲವತ್ತು ವರ್ಷ ಒಂದೇ ಮನೆಯಲ್ಲಿ ಸಂಸಾರ ಮಾಡಿದ ನನಗೆ ವಿರಹದ ಬಣ್ಣ ತಿಳಿಯುವ ಸಂದರ್ಭವೇ ಒದಗಿಲ್ಲವಾದ್ದರಿಂದ ಆ ಹೆಸರಿನ ಬಗ್ಗೆ ತಕರಾರಿಲ್ಲ.) ಕಾಗದದ ಮೇಲೆ ನಾಲ್ಕು ಚೌಕ ಬಳಿದು ಒಣಗಿಸಿ ನೋಡಿದರೆ ನಾಲ್ಕೂ ಒಂದೇ, ಬೂದಿ ಬೆರೆಸಿದ ಒಂದೇ ನೀಲಿ. ಕಿಟಕಿಯ ಬಳಿ ಹಿಡಿದೆ, ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ, ಅಂಗಳದಲ್ಲಿ ಹಿಡಿದೆ. ಹದಿನಾರು ಬಿಳುಪುಗಳನ್ನು ಬೇರ್ಪಡಿಸಿದ ಕಣ್ಣಿಗೆ ನಾಲ್ಕು ನೀಲಿಗಳಲ್ಲಿ ವ್ಯತ್ಯಾಸ ಕಾಣುತ್ತಿಲ್ಲವೆಂದರೆ ಅದರ ಅರ್ಥ ಒಂದೇ ಎಂದುಕೊಂಡು ತಮಗೆ ಮೊದಲ ಪತ್ರ ಬರೆದೆ.

ತಮ್ಮ ಉತ್ತರದ ಸೌಜನ್ಯವನ್ನು ಹೇಗೆ ಬಣ್ಣಿಸಲಿ! ‘ತಮ್ಮಂಥ ಸೂಕ್ಷ್ಮದೃಷ್ಟಿಯ ಗ್ರಾಹಕರು ದೊರೆತಿರುವುದು ನಮ್ಮ ಭಾಗ್ಯ’ ಎಂದು ಬರೆದು ಅದೇ ನಾಲ್ಕು ನೀಲಿಗಳ ಹೊಸ ಟ್ಯೂಬುಗಳನ್ನು ಕಳಿಸಿದಿರಿ. ಅವೂ ಒಂದೇ. ಎರಡನೆಯ ಪತ್ರವನ್ನು ಖಾರವಾಗಿ ಬರೆದೆ. ತಾವು ಇನ್ನಷ್ಟು ಸಿಹಿಯಾಗಿ ಇನ್ನೂ ನಾಲ್ಕು ಕಳಿಸಿದಿರಿ. ಮೂರನೆಯದರಲ್ಲಿ ‘ಜನರ ಕಣ್ಣಿಗೆ ಮಣ್ಣೆರಚುವ’ ಎಂಬ ಮಾತನ್ನು ಬಳಸಿ, ತಮ್ಮ ನೀಲಿಯ ಅವಸ್ಥೆಗೆ ಸಾಕ್ಷಿಯಾಗಿ ನಾನೇ ಬರೆದ ಕೆರೆಯ ಚಿತ್ರವೊಂದನ್ನು ಲಗತ್ತಿಸಿದ್ದೆ. ತಾವು ಅದನ್ನು ಸ್ವಾಗತ ಕೋಣೆಯ ಗೋಡೆಗೆ ತೂಗುಹಾಕಿರುವುದಾಗಿ ತಿಳಿಸಿ, ಮತ್ತೆ ನಾಲ್ಕು ನೀಲಿಗಳೊಂದಿಗೆ ಒಂದು ಅಳಿಲುಕೂದಲಿನ ಕುಂಚವನ್ನೂ ಉಡುಗೊರೆಯಾಗಿ ಕಳಿಸಿದಿರಿ. ಬೈದಷ್ಟೂ ಬಣ್ಣ ಬರುತ್ತಿತ್ತು.

ಇವನ್ನೆಲ್ಲ ತಂದುಕೊಟ್ಟವರು ನಮ್ಮ ಬೀದಿಯ ಅಂಚೆಯಣ್ಣ. ಪ್ರತಿ ಸಲವೂ ಗೇಟಿನ ಬಳಿ ಸೈಕಲ್ ನಿಲ್ಲಿಸಿ, “ಮತ್ತೆ ನೀಲೀನೇನಮ್ಮಾ?” ಎಂದು ತುಟಿಯ ಒಂದು ಕೊನೆಯಲ್ಲಿ ಮಾತ್ರ ನಗುತ್ತಿದ್ದರು. ಅವರ ಮುಂದಿನ ಹಲ್ಲೊಂದು ನನ್ನ ಕೈಯದೇ, ನಾನು ಕೆಲಸ ಬಿಟ್ಟ ವರ್ಷದ್ದು. ಹೊಸ ಹಲ್ಲು ಹಾಕಿಸಿಕೊಟ್ಟವಳ ಮುಂದೆ ಬಾಯಿತುಂಬ ನಗಲು ಈ ಮನುಷ್ಯನಿಗೇನು ಗತ್ತು ಎಂದು ನನಗೆ ಒಳಗೊಳಗೇ ಬೇಜಾರಿತ್ತು.

ಹೀಗೆ ವರ್ಷ ಕಳೆಯುವಷ್ಟರಲ್ಲಿ ಒಟ್ಟು ಹದಿನಾರು ನೀಲಿ ಟ್ಯೂಬುಗಳಾದವು. ಎಲ್ಲವೂ ಒಂದೇ ಆದ ಮೇಲೆ ಯಾವುದಾದರೇನು ಎಂದು ಕೈಗೆ ಸಿಕ್ಕಿದ್ದನ್ನು ಹನ್ನೆರಡನೆಯ ಗುಳಿಗೆ ಹಿಂಡಿಕೊಂಡು, ಬಣ್ಣ ಏರುತ್ತಿಲ್ಲವೆಂದು ಮತ್ತೆ ಮತ್ತೆ ಬಳಿದು, ಆ ಇಡೀ ವರ್ಷ ಆಕಾಶಗಳನ್ನೂ ಕೆರೆಗಳನ್ನೂ ಮುಖದ ಮೇಲಿನ ನೆರಳುಗಳನ್ನೂ ಬರೆದೆ. ನೀರು ಮೇಷ್ಟ್ರು ನನ್ನ ಚಿತ್ರದ ಮುಂದೆ ಬಂದಾಗ ಮಾತ್ರ ನೀರಿನ ಸುದ್ದಿ ಎತ್ತುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, “ನಿಮ್ಮ ಆಕಾಶದಲ್ಲಿ ಒಂಥರಾ ಧೈರ್ಯ ಇದೆ” ಎಂದು ಮುಂದಿನ ಮೇಜಿಗೆ ಹೋಗಿಬಿಡುತ್ತಿದ್ದರು. ಅದನ್ನು ನಾನು ಮನೆಗೆ ಬಂದು ಎಲ್ಲರಿಗೂ ಹೇಳುತ್ತಿದ್ದೆ.

ಮಹನೀಯರೇ, ಮೂರನೆಯ ಪಾರ್ಸೆಲ್ ಬಂದ ದಿನ, ಹದಿನಾರು ಚೌಕಗಳನ್ನು ಒಂದು ಹಾಳೆಯ ಮೇಲೆ ಬಳಿದು, ತಮ್ಮ ವಂಚನೆಗೆ ಮನೆಯೊಳಗೊಬ್ಬ ಸಾಕ್ಷಿ ಇರಲೆಂದು ನಮ್ಮ ಅತ್ತೆಯವರ ಮುಂದೆ ಹಿಡಿದೆ. ಅತ್ತೆಗೆ ಎಂಬತ್ತೇಳು. ಎರಡೂ ಕಣ್ಣಿಗೆ ಆಪರೇಷನ್ ಆಗಿ ಬಹಳ ವರ್ಷವಾಗಿದೆ. ಅವರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದವರು ಕೈ ನಿಲ್ಲಿಸದೆ ಹಾಳೆಯನ್ನು ನೋಡಿ, “ಎಲ್ಲೇ ಒಂದೇ? ನಾಲ್ಕು ಥರ ಇದೆ. ನಿನ್ನ ಕಣ್ಣಿಗೆ ಪೊರೆ ಬಂದಿದೆ ಕಣೇ, ಹೋಗಿ ತೋರಿಸ್ಕೋ” ಎಂದರು.

ನಲವತ್ತು ವರ್ಷಗಳಲ್ಲಿ ಅತ್ತೆಯವರು ನನ್ನ ಬಗ್ಗೆ ಹೇಳಿರುವ ಮಾತುಗಳಲ್ಲಿ ಇದು ತೀರ ಸೌಮ್ಯವಾದದ್ದು. ಆದರೂ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಹಾಳೆಯನ್ನು ಕತ್ತರಿಸಿ ಹದಿನಾರು ಚೌಕ ಮಾಡಿ, ಹಿಂದುಗಡೆ ಗುರುತು ಹಾಕಿ, ಚೆನ್ನಾಗಿ ಕಲೆಸಿ ಅವರ ಮುಂದೆ ಸುರಿದೆ. ಅವರು ಬಿಸ್ಕತ್ತು ಅಗಿಯುತ್ತಲೇ ನಾಲ್ಕು ನಾಲ್ಕರ ನಾಲ್ಕು ಗುಂಪು ಮಾಡಿಟ್ಟರು. ಹಿಂದೆ ತಿರುಗಿಸಿ ನೋಡಿದರೆ ಒಂದೂ ತಪ್ಪಿರಲಿಲ್ಲ. ಇನ್ನೊಮ್ಮೆ ಕಲೆಸಿದೆ. ಇನ್ನೊಮ್ಮೆ ಮಾಡಿಟ್ಟರು. ಮೂರನೆಯ ಸಲ ಕಲೆಸಿದಾಗ “ನಿನಗೆ ಬೇರೆ ಕೆಲಸ ಇಲ್ವಾ?” ಎಂದರು.

ನಮ್ಮ ಯಜಮಾನರು ಅಲ್ಲೇ ಬಾಗಿಲಲ್ಲಿ ನಿಂತು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದರು.

“ನಿಮಗೂ ಬೇರೆ ಬೇರೆ ಕಾಣುತ್ತಾ?” ಎಂದೆ.

“ಒಂಚೂರು.”

“ಯಾವಾಗಿಂದ?”

“ಮೊದಲಿಂದ.”

ಇವರು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದವರು. ನಮ್ಮ ಮನೆಯ ಸಾಮಾನಿನ ಚೀಟಿಯಲ್ಲಿ ಕೊಂಬು ದೀರ್ಘ ತಪ್ಪಿದ್ದರೂ ಕೆಂಪು ಶಾಯಿಯಲ್ಲಿ ತಿದ್ದಿ ಅಂಗಡಿಗೆ ಒಯ್ಯುವವರು. ತಮಗೆ ನಾನು ಬರೆದ ಮೂರು ಪತ್ರಗಳ ಅಲ್ಪವಿರಾಮಗಳನ್ನೂ ತಿದ್ದಿಕೊಟ್ಟವರು. ಅಂಥವರು ಇಷ್ಟು ದೊಡ್ಡ ತಪ್ಪನ್ನು ಹಾಗೇ ಬಿಟ್ಟದ್ದೇಕೆಂದು ಕೇಳಿದರೆ, “ಬಣ್ಣ ನೋಡೋದು ನಿನ್ನ ಕಸುಬು. ನಿನ್ನ ಕಣ್ಣನ್ನ ನಾನು ತಿದ್ದೋದು ಹೇಗೆ? ನೊಂದ್ಕೋತೀಯ ಅಂದ್ಕೊಂಡೆ” ಎಂದರು. (ಈ ಪತ್ರವನ್ನು ಅವರಿಗೆ ತೋರಿಸಿಲ್ಲ. ಇದರಲ್ಲಿನ ತಪ್ಪುಗಳೆಲ್ಲ ನನ್ನ ಸ್ವಂತದವು.)

ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ ನಾಲಿಗೆಯಲ್ಲಿ ಲೊಚಗುಟ್ಟಿದರು. “ಹಳದಿ ಗಾಜಿನ ಕಿಟಕಿ ಹಾಕ್ಕೊಂಡು ಒಳಗೆ ಕೂತ ಹಾಗಿದೆ ನಿಮ್ಮ ಸ್ಥಿತಿ. ನೀಲಿ ಒಳಕ್ಕೇ ಬರ್ತಿಲ್ಲ. ಇಷ್ಟು ದಿನ ಯಾರೂ ಹೇಳಲಿಲ್ವಾ?” ಎಂದು ಕೇಳಿದರು. ನಾನು ಯಜಮಾನರ ಕಡೆ ನೋಡಿದೆ. ಅಲ್ಲಿಯೂ ಒಂದು ಫ್ಯಾನಿತ್ತು.

ಬಲಗಣ್ಣಿಗೆ ಆಪರೇಷನ್ ಆಯಿತು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ನನಗೆ ಮೊದಲು ಕಂಡದ್ದು ಮೂಲೆಯಲ್ಲಿದ್ದ ನೆಲ ಒರೆಸುವ ಪ್ಲಾಸ್ಟಿಕ್ ಬಕೆಟ್ಟು. ಹಿಡಿ ಮುರಿದ, ಒಳಗೆ ಕೊಳೆನೀರಿದ್ದ ಸಾಮಾನ್ಯ ಬಕೆಟ್ಟು. ಅದು ನೀಲಿಯಾಗಿತ್ತು. ಎಷ್ಟು ನೀಲಿ ಎಂದು ತಮಗೆ ಹೇಳಲು ತಮ್ಮ ನೂರಾ ಇಪ್ಪತ್ತು ಹೆಸರುಗಳಲ್ಲಿ ಒಂದೂ ಸಾಲದು. “ಅಳಬೇಡಿ, ಹಾಕಿದ ಹನಿಯೆಲ್ಲ ಹರಿದುಹೋಗುತ್ತೆ” ಎಂದು ನರ್ಸು ಗದರಿದರು.

ಮನೆಗೆ ಬಂದೆ. ಬೆಣ್ಣೆಯ ಬಣ್ಣವೆಂದು ಹಟ ಹಿಡಿದು ನಾನೇ ಆರಿಸಿ ಬಳಿಸಿದ್ದ ಗೋಡೆಗಳು ಆಸ್ಪತ್ರೆಯಂತೆ ಬಿಳಿಯಾಗಿದ್ದವು. ಯಜಮಾನರ ಬೂದಿ ಅಂಗಿ ಬೂದಿಯಾಗಿರಲಿಲ್ಲ. ಆಮೇಲೆ ನನ್ನ ಚಿತ್ರಗಳ ಕಟ್ಟನ್ನು ಬಿಚ್ಚಿದೆ. ಧೈರ್ಯವೆಂದರೆ ಏನೆಂದು ಆಗ ತಿಳಿಯಿತು. ಪ್ರತಿಯೊಂದು ಆಕಾಶವೂ ಶಾಯಿಯ ಬಾಟಲಿ ಉರುಳಿದಂತಿತ್ತು. ಅತ್ತೆಯವರ ಭಾವಚಿತ್ರದಲ್ಲಿ ಗಲ್ಲದ ಕೆಳಗೆ, ಮೂಗಿನ ಪಕ್ಕ, ಕಣ್ಣಿನ ಸುತ್ತ ನಾನು ಹಾಕಿದ್ದ ‘ಮೃದುವಾದ ನೆರಳು’ಗಳನ್ನು ನೋಡಿದರೆ ಯಾರೋ ಮುದುಕಿಯನ್ನು ಹಿಡಿದು ಚೆನ್ನಾಗಿ ಬಾರಿಸಿದಂತೆ ಕಾಣುತ್ತಿತ್ತು. ಅದನ್ನು ನಾನೇ ಚೌಕಟ್ಟು ಹಾಕಿಸಿ ಅವರ ಮಂಚದ ಎದುರಿಗೆ ತೂಗುಹಾಕಿದ್ದೆ. ಬಾಯಿ ಬಿಗಿಹಿಡಿಯುವ ಅಭ್ಯಾಸವೇ ಇಲ್ಲದ ಅತ್ತೆ ಈ ಒಂದು ವಿಷಯದಲ್ಲಿ ಯಾಕೆ ಸುಮ್ಮನಿದ್ದರೆಂದು ಕೇಳಿದೆ. “ಇವಳಿಗೆ ನನ್ನ ಮೇಲೆ ಇಷ್ಟು ಸಿಟ್ಟಿದೆ ಅಂತ ಬಂದವರಿಗೆಲ್ಲ ಗೊತ್ತಾಗಲಿ, ಇರಲಿ ಅಂದ್ಕೊಂಡೆ” ಎಂದರು.

ಇಲ್ಲಿಯವರೆಗಿನದು ನಗುವ ಸಂಗತಿ. ಮುಂದಿನದನ್ನು ಬರೆಯಲು ನನಗೆ ಎರಡು ದಿನ ಬೇಕಾಯಿತು.

ಆಪರೇಷನ್ ಆದ ಮೂರನೆಯ ದಿನ ಅಂಚೆಯಣ್ಣ ಯಜಮಾನರ ಮಾಸಪತ್ರಿಕೆ ತಂದರು. ಕಪ್ಪು ಕನ್ನಡಕ ಹಾಕಿಕೊಂಡು ಗೇಟಿಗೆ ಬಂದ ನನ್ನನ್ನು ಕಂಡು, “ಏನಮ್ಮಾ, ಸಿನಿಮಾಗೆ ಸೇರಿದ್ರಾ?” ಎಂದವರು ತಮ್ಮ ಮಾತಿಗೆ ತಾವೇ ಮೈಮರೆತು ಬಾಯಿ ತೆರೆದು ನಕ್ಕರು. ನಾನು ಕನ್ನಡಕ ತೆಗೆದೆ. ಅವರ ಮುಂದಿನ ಹಲ್ಲುಗಳ ಸಾಲಿನಲ್ಲಿ ಒಂದು ಮಾತ್ರ ಹಾಲಿಗೆ ಒಂದು ಹನಿ ಶಾಯಿ ಬಿದ್ದಂತೆ ನೀಲಿಗಟ್ಟಿತ್ತು. ಅದು ನನ್ನದು.

ಅವರಿಗೆ ಅರ್ಥವಾಗಿ ತಟ್ಟನೆ ತುಟಿ ಮುಚ್ಚಿಕೊಂಡರು.

“ನಿಮಗೆ ಗೊತ್ತಿತ್ತಾ?” ಎಂದೆ.

“ಹಾಕಿಸಿಕೊಂಡ ದಿನಾನೇ ಗೊತ್ತಾಯ್ತಮ್ಮ. ನೀವು ಕನ್ನಡಿ ಹಿಡಿದು ‘ಹೇಗಿದೆ’ ಅಂತ ಅಷ್ಟು ಪ್ರೀತಿಯಿಂದ ಕೇಳಿದ್ರಿ. ಏನ್ ಹೇಳ್ಲಿ? ಚೆನ್ನಾಗಿದೆ ಅಂದೆ. ಆಮೇಲೆ ಬಾಯಿ ಮುಚ್ಕೊಂಡು ನಗೋದು ಅಭ್ಯಾಸ ಆಗೋಯ್ತು.” ಸ್ವಲ್ಪ ಹೊತ್ತು ಸೈಕಲ್ಲಿನ ಹಿಡಿಯನ್ನು ಒರೆಸಿ, “ಮಗಳ ಮದುವೆ ಫೋಟೋದಲ್ಲಿ ಮಾತ್ರ ಎಲ್ಲರೂ ಕೇಳ್ತಾರೆ, ಅಪ್ಪನಿಗೆ ಹುಡುಗ ಇಷ್ಟ ಇರಲಿಲ್ವಾ ಅಂತ” ಎಂದರು.

ನಾಲ್ಕು ವರ್ಷ, ಮಹನೀಯರೇ. ನಾನು ಗತ್ತು ಎಂದುಕೊಂಡದ್ದು ಅದು.

ಮರುದಿನವೇ ಕ್ಲಿನಿಕ್ಕಿಗೆ ಹೋಗಿ ದಂತವೈದ್ಯರಿಗೆ ಎಲ್ಲವನ್ನೂ ಹೇಳಿದೆ. ಅವರು ಹಳೆಯ ದಾಖಲೆ ತೆಗೆದು ನೋಡಿದರು. ಕಣ್ಣಳತೆಯಲ್ಲಿ ಮಾಡಿದ ಮುಂಭಾಗದ ಹಲ್ಲುಗಳು ಒಟ್ಟು ಮೂರು. ಒಬ್ಬರು ತೀರಿಕೊಂಡಿದ್ದಾರೆ, ಇನ್ನೊಬ್ಬರು ಊರು ಬಿಟ್ಟು ಎಲ್ಲಿಗೋ ಹೋಗಿದ್ದಾರೆ, ಮೂರನೆಯವರು ದಿನಾ ನಮ್ಮ ಗೇಟಿಗೆ ಬರುತ್ತಾರೆ. ಹಿಂಬದಿಯ ಕೋಣೆಯಲ್ಲಿ ನನ್ನ ಹಳೆಯ ಕುರ್ಚಿಯಲ್ಲೇ ಕೂತೆ. ಡ್ರಾಯರಿನಿಂದ ಮಾದರಿ ಹಲ್ಲುಗಳ ಗೊಂಚಲನ್ನು ಹೊರತೆಗೆದು, ಎಡಗಣ್ಣನ್ನು ಹತ್ತಿಯಿಂದ ಮುಚ್ಚಿ, ಮೊದಲ ವರ್ಷದ ಕಲಿಕೆಯವಳಂತೆ ಒಂದೊಂದಾಗಿ ಹಿಡಿದು ಹೋಲಿಸಿದೆ. ಕುಲುಮೆಯಿಂದ ಬಂದ ಎರಡು ಹಲ್ಲುಗಳನ್ನು ನಾನೇ ಎಸೆದೆ. ಮೂರನೆಯದನ್ನು ವೈದ್ಯರು ಕೂರಿಸಿದ ಮೇಲೆ ಕನ್ನಡಿಯನ್ನು ಅಂಚೆಯಣ್ಣನ ಕೈಗೇ ಕೊಟ್ಟು, “ಮರ್ಯಾದೆ ನೋಡಬೇಡಿ. ನಿಜ ಹೇಳಿ” ಎಂದೆ.

ಅವರು ಕನ್ನಡಿ ಹಿಡಿದು ಕಿಟಕಿಯ ಬಳಿ ಹೋದರು. ಬಹಳ ಹೊತ್ತು ನೋಡಿದರು. ನನ್ನ ಕಡೆ ನೋಡಿದರು. ಮತ್ತೆ ಕನ್ನಡಿ ನೋಡಿದರು. ಕೊನೆಗೆ ಹಣೆ ಒರೆಸಿಕೊಂಡು, “ತುದಿ ಇನ್ನೊಂಚೂರು ಹಳದಿ ಬೇಕಮ್ಮ” ಎಂದರು.

ಮೂವತ್ತೊಂದು ವರ್ಷಗಳ ವೃತ್ತಿಜೀವನದಲ್ಲಿ ನನ್ನ ಕೆಲಸದ ಮೇಲೆ ಬಂದ ಮೊದಲ ದೂರು ಅದು. ಅದನ್ನು ಕೇಳಿ ನನಗಾದ ಸಂತೋಷವನ್ನು ತಮ್ಮ ಸಂತೃಪ್ತಿ ವಿಭಾಗ ಊಹಿಸಲಾರದು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ತುದಿ ಸರಿಮಾಡಿಕೊಟ್ಟೆ. ಈಗ ಅವರು ನಗುವುದು ಎದುರು ಮನೆಯವರಿಗೂ ಕಾಣುತ್ತದೆ.

ಇನ್ನು ನನ್ನ ದೂರಿಗೆ ಬರುತ್ತೇನೆ. ತಮ್ಮ ನಾಲ್ಕು ನೀಲಿಗಳು ನಾಲ್ಕೇ, ಅದರಲ್ಲಿ ಅನುಮಾನವಿಲ್ಲ. ತಾವು ಯಾರ ಕಣ್ಣಿಗೂ ಮಣ್ಣೆರಚಿಲ್ಲ. ಫಲಕದ ಮುಂದೆ ನಿಂತು ಇದನ್ನು ಓದುತ್ತಿರುವವರೆಲ್ಲರೂ ದಯವಿಟ್ಟು ಗಮನಿಸಿ. ನನ್ನ ತಕರಾರಿರುವುದು ತಮ್ಮ ಸೌಜನ್ಯದ ಮೇಲೆ. ನಾಲ್ಕು ನೀಲಿ ಒಂದೇ ಎಂದು ಅರವತ್ತನಾಲ್ಕರ ಹೆಂಗಸೊಬ್ಬಳು ಮೂರು ಸಲ ಬರೆದರೆ, ದಿನವಿಡೀ ಬಣ್ಣದ ನಡುವೆಯೇ ಇರುವ ತಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ವಿಷಯ ಹೊಳೆದಿರಲೇಬೇಕು. ಆ ಕೆರೆಯ ಚಿತ್ರವನ್ನು ನೋಡಿದ ಮೇಲಂತೂ ಕಚೇರಿಯ ಕಾವಲುಗಾರನಿಗೂ ಹೊಳೆದಿರಬೇಕು. ‘ಅಮ್ಮಾ, ಕಣ್ಣು ತೋರಿಸಿಕೊಳ್ಳಿ’ ಎಂಬ ಮೂರು ಪದ ಬರೆಯುವ ಬದಲು ಹನ್ನೆರಡು ಟ್ಯೂಬು, ಒಂದು ಕುಂಚ ಮತ್ತು ‘ಸೂಕ್ಷ್ಮದೃಷ್ಟಿ’ ಎಂಬ ಬಿರುದನ್ನು ಕಳಿಸಿದ ತಮ್ಮ ಔದಾರ್ಯವನ್ನು ಏನೆಂದು ಕೊಂಡಾಡಲಿ? ಸೌಜನ್ಯದಲ್ಲಿ ತಾವು ನನ್ನ ಗಂಡನನ್ನೂ ಮೀರಿಸಿದ್ದೀರಿ. ಅದು ಸಣ್ಣ ಸಾಧನೆಯಲ್ಲ.

ಆದ್ದರಿಂದ ಕೆಲವು ವಿನಮ್ರ ಬೇಡಿಕೆಗಳು. ತಮ್ಮ ವಿಭಾಗದಲ್ಲಿ ಮರ್ಯಾದೆಯಿಲ್ಲದೆ ಉತ್ತರಿಸುವ ಅಧಿಕಾರಿಯ ಹುದ್ದೆಯೊಂದನ್ನು ಕೂಡಲೇ ಸೃಷ್ಟಿಸಬೇಕು. ತಕ್ಕ ಅಭ್ಯರ್ಥಿ ಸಿಗದಿದ್ದರೆ ನಮ್ಮ ಅತ್ತೆಯವರು ಲಭ್ಯರಿದ್ದಾರೆ: ವಯಸ್ಸು ಎಂಬತ್ತೇಳು, ಅನುಭವವೂ ಎಂಬತ್ತೇಳು ವರ್ಷ, ಬಿಸ್ಕತ್ತು ಒದಗಿಸಿದರೆ ಸಾಕು. ಪ್ರತಿ ನೀಲಿ ಟ್ಯೂಬಿನ ಮೇಲೂ ‘ಇದು ಪಕ್ಕದ ಟ್ಯೂಬಿನಂತೆಯೇ ಕಂಡರೆ ನಮಗಲ್ಲ, ಡಾಕ್ಟರಿಗೆ ಬರೆಯಿರಿ’ ಎಂದು ಅಚ್ಚು ಹಾಕಿಸಬೇಕು. ಸ್ವಾಗತ ಕೋಣೆಯಲ್ಲಿರುವ ನನ್ನ ಕೆರೆಯನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಬೇಕು. ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳಿರುವುದರಿಂದ, ಅಲ್ಲಿಯವರೆಗೆ ಎಡಗಣ್ಣಿಗೆಂದೇ ಪ್ರತ್ಯೇಕವಾದ ಹನ್ನೆರಡು ಬಣ್ಣಗಳನ್ನು ಸೂಚಿಸಿ, ಎರಡೂ ಕಣ್ಣುಗಳು ಒಂದೇ ಆಕಾಶದ ಬಗ್ಗೆ ಒಪ್ಪಂದಕ್ಕೆ ಬರುವಂತೆ ತಾವೇ ಮಧ್ಯಸ್ಥಿಕೆ ವಹಿಸಬೇಕು.

ಬಲಗಣ್ಣಿನ ಮಟ್ಟಿಗೆ ಆಯ್ಕೆ ಮುಗಿದಿದೆ. ಕಪ್ಪನ್ನು ತೆಗೆದೆ, ನೇರಳೆಯನ್ನು ತೆಗೆದೆ, ಹಲ್ಲಿನವಳಾಗಿದ್ದೂ ಒಂದು ಕಂದನ್ನೂ ತೆಗೆದೆ. ಆ ಗುಳಿಗಳಿಗೆ ನೀಲಿ ಬಂತು. ಈಗ ಹನ್ನೆರಡರಲ್ಲಿ ನಾಲ್ಕು ನೀಲಿ, ನಾಲ್ಕಕ್ಕೆ ನಾಲ್ಕೂ ಬೇರೆ. ನೀರು ಮೇಷ್ಟ್ರಿಗೆ ಇನ್ನು ಮೇಲೆ ನನ್ನೊಂದಿಗೆ ಸೌಜನ್ಯ ಬೇಡವೆಂದು ತಿಳಿಸಿದೆ. ಮನುಷ್ಯ ಅದಕ್ಕೇ ಕಾಯುತ್ತಿದ್ದರೋ ಏನೋ. “ನಾಲ್ಕು ನೀಲಿ ದುರಾಸೆ ಆಯ್ತು” ಎಂದು ಶುರುಮಾಡಿ, ಒಂದು ವರ್ಷದ ನನ್ನ ಆಕಾಶಗಳನ್ನು ಹೆಸರು ಹಿಡಿದು ಅರ್ಧ ಗಂಟೆ ಬೈದರು. ನಾಲ್ಕನ್ನೂ ಇಟ್ಟುಕೊಂಡಿದ್ದೇನೆ. ಅವರು ಬೈಯುತ್ತಿದ್ದಾಗ ತರಗತಿಯ ಕಿಟಕಿಯಾಚೆ ಮೋಡ ಸರಿದು ಒಂದು ತುಂಡು ಆಕಾಶ ಕಾಣುತ್ತಿತ್ತು. ಅದಕ್ಕೆ ಆಕಾಶ ನೀಲಿ ಹೊಂದುತ್ತಿರಲಿಲ್ಲ. ಕುಂಚವನ್ನು ನೀರಿಗೆ ಅದ್ದಿ, ವಿರಹ ನೀಲಿಯಿಂದ ಶುರುಮಾಡಿದೆ.

ಬಲಗಣ್ಣಿನಿಂದ ತಮ್ಮ ವಿಶ್ವಾಸಿ,
ಎಡಗಣ್ಣಿನಿಂದ ಸದ್ಯಕ್ಕೆ ಇನ್ನೂ ಅನುಮಾನಿ,
ನಿವೃತ್ತ ಹಲ್ಲಿನವಳು

ಮರೆತ ಮಾತು: ತಮ್ಮ ಪಟ್ಟಿಯಲ್ಲಿ ಎಪ್ಪತ್ತೊಂದನೆಯದಾಗಿ ‘ಮೈಬಣ್ಣ’ ಎಂಬ ಹೆಸರಿನ ಒಂದು ಗುಲಾಬಿ ಟ್ಯೂಬಿದೆ. ತರಗತಿಯ ಗೆಳತಿಯೊಬ್ಬರಿಂದ ಅದನ್ನು ಎರವಲು ಪಡೆದು, ಆಪರೇಷನ್ ಆದ ಕಣ್ಣನ್ನೇ ತೆರೆದಿಟ್ಟುಕೊಂಡು, ಯಜಮಾನರು, ಅತ್ತೆ, ಮೇಷ್ಟ್ರು, ಅಂಚೆಯಣ್ಣ, ಕಣ್ಣಿನ ಡಾಕ್ಟರು ಹಾಗೂ ನನ್ನ ಸ್ವಂತ ಮೊಣಕೈ, ಇಷ್ಟಕ್ಕೂ ಹಿಡಿದು ನೋಡಿದೆ. ಯಾರ ಮೈಗೂ ಅದು ಹೊಂದಲಿಲ್ಲ. ಆದರೆ ಪೂರ್ತಿ ಹಲ್ಲುಸೆಟ್ಟಿಗೆ ನಾವು ಹಾಕುವ ಪ್ಲಾಸ್ಟಿಕ್ ವಸಡಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಈ ಬಾರಿ ಮಾದರಿ ಇಟ್ಟುಕೊಂಡೇ ಹೋಲಿಸಿದ್ದೇನೆ. ಆದ್ದರಿಂದ ಆ ಟ್ಯೂಬಿಗೆ ‘ವಸಡು’ ಎಂದು ಹೆಸರು ಬದಲಿಸಿ, ಇಲ್ಲವೇ ಅದನ್ನು ಯಾರ ಮೈ ನೋಡಿ ಮಾಡಿದಿರೋ ಅವರನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಉತ್ತರ ಬರೆಯುವಾಗ ದಯವಿಟ್ಟು ಮರ್ಯಾದೆ ಬೇಡ.